ನೆರವು ಒಂದು ಕಡೆ, ನೀತಿ ಇನ್ನೊಂದು ಕಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಬೆಳೆಗಾರರ ಸಂಘಗಳು, ಪಂಚಾಯಿತಿ ಸದಸ್ಯರು, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಮತ್ತು ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ವಿದೇಶಿ ನೆರವು, ಸುಂಕ, ಆಮದು ನಿಯಮ, ವಿದ್ಯುತ್ ಸಬ್ಸಿಡಿ ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಇರುತ್ತವೆ. ರೈತನ ಜಮೀನಿನಲ್ಲಿ ಮಾತ್ರ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ.

ನೀತಿ ಹೊಂದಾಣಿಕೆ ಅಂದರೆ ಏನು?

ಒಂದು ದೇಶ ಬಡ ದೇಶಗಳಿಗೆ ನೆರವು ಕೊಡುತ್ತದೆ. ಅದೇ ದೇಶದ ವಾಣಿಜ್ಯ, ಕೃಷಿ, ಹಣಕಾಸು, ವಲಸೆ, ಪರಿಸರ ಮತ್ತು ರಕ್ಷಣಾ ಇಲಾಖೆಗಳು ತಮ್ಮ ತಮ್ಮ ತೀರ್ಮಾನ ತೆಗೆದುಕೊಳ್ಳುತ್ತಿರುತ್ತವೆ. ಈ ತೀರ್ಮಾನಗಳು ನೆರವಿನ ಕೆಲಸವನ್ನು ಕೆಡಿಸಬಾರದು, ಸಾಧ್ಯವಾದರೆ ಅದಕ್ಕೆ ಬಲ ಕೊಡಬೇಕು. ಅದಕ್ಕಾಗಿ ಮಾಡುವ ವ್ಯವಸ್ಥಿತ ಕೆಲಸವೇ ನೀತಿ ಹೊಂದಾಣಿಕೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಗಾಡಿ ಎಲ್ಲಿಗೂ ಹೋಗುವುದಿಲ್ಲ. ಸರ್ಕಾರಗಳಲ್ಲಿ ಇದು ದಿನವೂ ನಡೆಯುತ್ತದೆ, ಬಹಳ ಸಲ ಯಾರ ಕೆಟ್ಟ ಉದ್ದೇಶವೂ ಇಲ್ಲದೆ.

ಇದಕ್ಕೆ ಕಾನೂನಿನ ಬುಡವೂ ಇದೆ. 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲೇ ಯುರೋಪ್ ಇದನ್ನು ಬರೆದುಕೊಂಡಿತು. ಈಗ ಲಿಸ್ಬನ್ ಒಪ್ಪಂದದ 208ನೇ ವಿಧಿಯ ಪ್ರಕಾರ, ಅಭಿವೃದ್ಧಿಶೀಲ ದೇಶಗಳನ್ನು ತಟ್ಟುವ ನೀತಿ ಯಾವುದೇ ಇರಲಿ, ಅದನ್ನು ರೂಪಿಸುವಾಗ ಅಭಿವೃದ್ಧಿ ಸಹಕಾರದ ಗುರಿಗಳನ್ನು ಐರೋಪ್ಯ ಒಕ್ಕೂಟ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2015ರಲ್ಲಿ ಎಲ್ಲ ದೇಶಗಳೂ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 17.14 ಇದೇ ವಿಷಯದ್ದು. ಅದಕ್ಕೆ ಭಾರತವೂ ಸಹಿ ಹಾಕಿದೆ.

ನೆರವಿನ ಮೊತ್ತವನ್ನೇ ಹೆಚ್ಚಿಸಿದರೆ ಸಾಲದೇ?

ಹೆಚ್ಚಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಕೊಡಬೇಕು ಎಂದು ವಿಶ್ವಸಂಸ್ಥೆ 1970ರಲ್ಲೇ ನಿರ್ಣಯ ಮಾಡಿತು. ಅರ್ಧ ಶತಮಾನ ಕಳೆದರೂ ಈ ಮಟ್ಟ ಮುಟ್ಟಿರುವುದು ಬೆರಳೆಣಿಕೆಯ ದೇಶಗಳು ಮಾತ್ರ. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮತ್ತು ಲಕ್ಸೆಂಬರ್ಗ್ ಅವುಗಳಲ್ಲಿ ಮುಖ್ಯವಾದವು. ಶ್ರೀಮಂತ ದೇಶಗಳ ಒಟ್ಟು ನೆರವು 2023ರಲ್ಲಿ ಅವುಗಳ ಆದಾಯದ ಸುಮಾರು ಶೇ 0.37 ಇತ್ತು, 2024ರಲ್ಲಿ ಇನ್ನೂ ಇಳಿಯಿತು. ಬ್ರಿಟನ್ 2021ರಲ್ಲಿ 0.7ರಿಂದ 0.5ಕ್ಕೆ ಇಳಿಸಿತು, 2027ರ ಹೊತ್ತಿಗೆ 0.3ಕ್ಕೆ ತರುವುದಾಗಿ ಹೇಳಿದೆ. ಅಮೆರಿಕ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನೇ 2025ರಲ್ಲಿ ಮುಚ್ಚಿತು.

ನೆರವು ಕುಗ್ಗುತ್ತಿರುವಾಗ ಹೊಂದಾಣಿಕೆಯ ಮಹತ್ವ ಹೆಚ್ಚುತ್ತದೆ. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಬಹಳ ವರ್ಷಗಳಿಂದ ಒಟ್ಟು ನೆರವಿಗಿಂತ ಹೆಚ್ಚಿದೆ. 2022ರಲ್ಲಿ ಭಾರತವೊಂದಕ್ಕೇ 10,000 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಆ ಹಣ ಕಳಿಸುವ ವೆಚ್ಚವನ್ನು 2030ರೊಳಗೆ ಶೇ 3ಕ್ಕಿಂತ ಕೆಳಗೆ ತರಬೇಕು ಎಂಬುದು ಜಾಗತಿಕ ಗುರಿ. ಈಗ ಸರಾಸರಿ ಅದರ ಎರಡು ಪಟ್ಟಿನ ಆಸುಪಾಸಿನಲ್ಲಿದೆ. ಬ್ಯಾಂಕಿಂಗ್ ನಿಯಮ ಸರಿಪಡಿಸಿದರೆ ಆಗುವ ಕೆಲಸ ಇದು, ಇದಕ್ಕೆ ನೆರವಿನ ಬಜೆಟ್ ಬೇಕಾಗಿಲ್ಲ.

ಪ್ಯಾರಿಸ್ ಘೋಷಣೆಯೂ ಇದೂ ಒಂದೇನಾ?

ಅಲ್ಲ, ಆದರೆ ಬಹಳ ಜನ ಬೆರೆಸಿ ಮಾತಾಡುತ್ತಾರೆ. 2005ರ ಪ್ಯಾರಿಸ್ ಘೋಷಣೆ ನೆರವಿನ ಹಣವನ್ನು ಹೇಗೆ ಕೊಡಬೇಕು ಎಂಬುದರ ಬಗ್ಗೆ ಇರುವುದು. ಅದರಲ್ಲಿ ಐದು ತತ್ವಗಳಿವೆ. ಪಡೆಯುವ ದೇಶವೇ ಯೋಜನೆಯ ಯಜಮಾನ ಆಗಿರಬೇಕು. ದಾನಿಗಳು ಆ ದೇಶದ ಬಜೆಟ್, ಲೆಕ್ಕಪತ್ರ ಮತ್ತು ಖರೀದಿ ವ್ಯವಸ್ಥೆಯನ್ನೇ ಬಳಸಬೇಕು. ದಾನಿಗಳು ತಮ್ಮತಮ್ಮಲ್ಲಿ ಹೊಂದಿಕೊಳ್ಳಬೇಕು. ಫಲಿತಾಂಶ ನೋಡಬೇಕು. ಇಬ್ಬರೂ ಒಬ್ಬರಿಗೊಬ್ಬರು ಉತ್ತರದಾಯಿ ಆಗಿರಬೇಕು. 2010ರ ಹೊತ್ತಿಗೆ ಮುಟ್ಟಬೇಕಿದ್ದ 13 ಗುರಿಗಳಲ್ಲಿ ಜಾಗತಿಕವಾಗಿ ಮುಟ್ಟಿದ್ದು ಒಂದೇ ಒಂದು. 2008ರಲ್ಲಿ ಅಕ್ರಾದಲ್ಲಿ, 2011ರಲ್ಲಿ ಬುಸಾನ್‌ನಲ್ಲಿ ಮತ್ತೆ ಸಭೆ ಸೇರಿದರು.

ನೀತಿ ಹೊಂದಾಣಿಕೆ ಇದಕ್ಕಿಂತ ಅಗಲವಾದದ್ದು. ಪ್ಯಾರಿಸ್ ತತ್ವಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ ದೇಶವೂ ತನ್ನ ಸುಂಕದಿಂದ ಆ ನೆರವನ್ನು ನೀರುಪಾಲು ಮಾಡಬಹುದು.

ಷರತ್ತಿನ ನೆರವು ಯಾಕೆ ದುಬಾರಿ?

"ಹಣ ಕೊಡುತ್ತೇವೆ, ಸಾಮಾನು ನಮ್ಮಲ್ಲೇ ಕೊಳ್ಳಿ" ಎಂಬುದು ಷರತ್ತಿನ ನೆರವು. ಸ್ಪರ್ಧೆ ಇಲ್ಲದ ಕಡೆ ಬೆಲೆ ಏರುವುದು ಸಹಜ. ಇಂಥ ನೆರವಿನಿಂದ ಖರೀದಿ ವೆಚ್ಚ ಶೇ 15ರಿಂದ 30ರಷ್ಟು ಹೆಚ್ಚುತ್ತದೆ ಎಂಬುದು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಬಳಸುವ ಅಂದಾಜು. ಬಿಡಿಭಾಗವೂ ಅಲ್ಲಿಂದಲೇ ಬರಬೇಕಾದ್ದರಿಂದ ಮೂರನೇ ವರ್ಷ ಪಂಪು ಕೆಟ್ಟರೆ ಅದು ಹಾಗೇ ಬಿದ್ದಿರುತ್ತದೆ. ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ಬ್ರಿಟನ್ ಕೊಟ್ಟ 23.4 ಕೋಟಿ ಪೌಂಡ್ ನೆರವು ಶಸ್ತ್ರಾಸ್ತ್ರ ಮಾರಾಟದ ಜೊತೆ ತಳುಕು ಹಾಕಿಕೊಂಡಿತ್ತು. 1994ರಲ್ಲಿ ಬ್ರಿಟನ್ನಿನ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು. ಅದಾದ ಮೇಲೆ ಬ್ರಿಟನ್ 2001ರಲ್ಲಿ ತನ್ನ ನೆರವಿನಿಂದ ಈ ಷರತ್ತನ್ನು ತೆಗೆದುಹಾಕಿತು.

ಈ ವಿಷಯದಲ್ಲಿ ಭಾರತ ಹೊರಗಿಲ್ಲ. ನಮ್ಮ ಎಕ್ಸಿಮ್ ಬ್ಯಾಂಕ್ ಮೂಲಕ ಆಫ್ರಿಕಾ ಮತ್ತು ಏಷ್ಯಾದ ದೇಶಗಳಿಗೆ ಕೊಡುವ ಸಾಲದಲ್ಲಿ ಸಾಮಾನ್ಯವಾಗಿ ಶೇ 75ರಷ್ಟು ಸರಕು ಮತ್ತು ಸೇವೆ ಭಾರತದಿಂದಲೇ ಹೋಗಬೇಕು.

ಕಾಫಿ ಬೆಳೆಯುವವರು ಬೀಜ ಮಾರುತ್ತಾರೆ, ಪುಡಿ ಯಾಕೆ ಮಾರುವುದಿಲ್ಲ?

ಇದಕ್ಕೆ ಕಾರಣಗಳು ಹಲವು. ಬ್ರ್ಯಾಂಡ್, ಪುಡಿಯ ತಾಜಾತನ, ಮಾರುಕಟ್ಟೆಯ ದೂರ ಎಲ್ಲವೂ ಸೇರುತ್ತವೆ. ಆದರೆ ಸುಂಕದ ಏಣಿಯೂ ಒಂದು ಕಾರಣ. ಐರೋಪ್ಯ ಒಕ್ಕೂಟದ ಸಾಮಾನ್ಯ ಸುಂಕಪಟ್ಟಿಯಲ್ಲಿ ಹುರಿಯದ ಕಾಫಿಬೀಜಕ್ಕೆ ಸೊನ್ನೆ, ಹುರಿದದ್ದಕ್ಕೆ ಶೇ 7.5, ಇನ್‌ಸ್ಟಂಟ್ ಕಾಫಿಗೆ ಶೇ 9. ರಿಯಾಯಿತಿ ಪಟ್ಟಿಯಲ್ಲಿರುವ ದೇಶಗಳಿಗೆ ಇದು ಇಳಿಯುತ್ತದೆ. ಅತಿ ಹಿಂದುಳಿದ ದೇಶಗಳಿಗೆ 2001ರಿಂದ "ಶಸ್ತ್ರಾಸ್ತ್ರ ಬಿಟ್ಟು ಎಲ್ಲವೂ" ಎಂಬ ಯೋಜನೆಯಡಿ ಸುಂಕವೇ ಇಲ್ಲ. ಆದರೂ ಈ ಏಣಿಯ ತತ್ವವನ್ನು ಗಮನಿಸಿ. ಕಚ್ಚಾ ಮಾಲಿಗೆ ಬಾಗಿಲು ತೆರೆದಿರುತ್ತದೆ, ಕೈಕೆಲಸ ಸೇರಿದಷ್ಟೂ ಬಾಗಿಲು ಮುಚ್ಚುತ್ತದೆ. ಅದೇ ಸಮಯದಲ್ಲಿ ನೆರವಿನ ಇಲಾಖೆ ಅದೇ ದೇಶಗಳಲ್ಲಿ ಮೌಲ್ಯವರ್ಧನೆ ತರಬೇತಿ ನಡೆಸುತ್ತಿರುತ್ತದೆ.

ಭಾರತದ ಪಟ್ಟಿಯನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಇಲ್ಲಿ ಕಾಫಿ ಆಮದಿನ ಮೇಲೆ ಮೂಲ ಸುಂಕ ಶೇ 100. ಅತಿ ಹಿಂದುಳಿದ ದೇಶಗಳಿಗೆ ಭಾರತ 2008ರಲ್ಲಿ ಸುಂಕರಹಿತ ಯೋಜನೆ ತಂದು 2014ರಲ್ಲಿ ಅದನ್ನು ಶೇ 98ಕ್ಕೂ ಹೆಚ್ಚು ಸರಕುಗಳಿಗೆ ವಿಸ್ತರಿಸಿತು. ಅದು ದೊಡ್ಡ ಹೆಜ್ಜೆಯೇ. ಆದರೆ ಹೊರಗುಳಿದ ಸಣ್ಣ ಪಟ್ಟಿಯಲ್ಲಿ ಕಾಫಿ, ಚಹಾ ಮತ್ತು ಕೆಲವು ಸಾಂಬಾರ ಪದಾರ್ಥಗಳಿವೆ. ಇಥಿಯೋಪಿಯಾ, ಉಗಾಂಡದಂಥ ದೇಶಗಳು ಮಾರಬಲ್ಲ ಮುಖ್ಯ ಸರಕುಗಳೇ ಇವು. ಮೂಡಿಗೆರೆ, ಸಕಲೇಶಪುರದ ಸಣ್ಣ ಬೆಳೆಗಾರನಿಗೆ ಈ ರಕ್ಷಣೆ ಬೇಕು ಎಂಬ ವಾದಕ್ಕೆ ತೂಕವಿದೆ, ಅದನ್ನು ನಾವೂ ಒಪ್ಪುತ್ತೇವೆ. ಆದರೆ ಆ ರಕ್ಷಣೆಗೆ ಒಂದು ಬೆಲೆ ಇದೆ ಮತ್ತು ಅದನ್ನು ಯಾರು ತೆರುತ್ತಾರೆ ಎಂಬುದು ಕಡತದಲ್ಲಿ ದಾಖಲಾಗಬೇಕು. ಹೊಂದಾಣಿಕೆ ಕೇಳುವುದು ಇಷ್ಟನ್ನೇ.

ಯುರೋಪಿನ ಅರಣ್ಯನಾಶ ನಿಯಮ ನಮ್ಮ ತೋಟಕ್ಕೆ ಹೇಗೆ ತಟ್ಟುತ್ತದೆ?

ಇದರ ಬಗ್ಗೆ ಅತಿ ಹೆಚ್ಚು ಪ್ರಶ್ನೆಗಳು ಬರುತ್ತವೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. 2023ರ ಈ ನಿಯಮ ದನದ ಉತ್ಪನ್ನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಎಂಬ ಏಳು ಸರಕುಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿ ಯುರೋಪಿಗೆ ಹೋಗುವಂತಿಲ್ಲ. ಜೊತೆಗೆ ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿ ಬೆಳೆದದ್ದಾಗಿರಬೇಕು. ಜಾರಿಯ ದಿನಾಂಕ ಎರಡು ಸಲ ಮುಂದೆ ಹೋಗಿದೆ. ಈಗಿನ ಪ್ರಕಾರ ದೊಡ್ಡ ಆಮದುದಾರರಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅಂದರೆ ತಪಾಸಣೆ ಕಡಿಮೆ ಇರುತ್ತದೆ, ಜಮೀನಿನ ನಿರ್ದೇಶಾಂಕ ಕೊಡುವುದು ಮಾತ್ರ ತಪ್ಪುವುದಿಲ್ಲ.

ಉದ್ದೇಶ ಒಳ್ಳೆಯದೇ. ಪಶ್ಚಿಮ ಘಟ್ಟದ ಮಡಿಲಲ್ಲಿ ಕುಳಿತು ಕಾಡು ಉಳಿಸುವ ಕಾನೂನನ್ನು ಬೇಡ ಎನ್ನುವುದು ಸರಿಯಲ್ಲ. ತೊಂದರೆ ಇರುವುದು ವಿವರಗಳಲ್ಲಿ.

ಮೊದಲನೆಯದು ನಕ್ಷೆಯ ತೊಂದರೆ. ನಮ್ಮ ಕಾಫಿ ನೆರಳಿನಡಿ ಬೆಳೆಯುವುದು. ಹಲಸು, ಅತ್ತಿ, ಬೀಟೆ, ಸಿಲ್ವರ್ ಓಕ್, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ಎಲ್ಲ ಸೇರಿ ಉಪಗ್ರಹದ ಕಣ್ಣಿಗೆ ಕಾಡಿನ ಹಾಗೇ ಕಾಣುತ್ತವೆ. ನಿಯಮದ ಪ್ರಕಾರ ಮುಖ್ಯವಾಗಿ ಕೃಷಿಗೆ ಬಳಸುವ ಜಮೀನು ಕಾಡಲ್ಲ, ಮರಗಳ ನಡುವಿನ ಕೃಷಿಯೂ ಕಾಡಲ್ಲ. ಆದರೆ ಆಮದುದಾರನ ಸಾಫ್ಟ್‌ವೇರ್ 2020ರ ನಕ್ಷೆಯಲ್ಲಿ ಹಸಿರನ್ನು ಕಂಡು, ಆಮೇಲೆ ನೆರಳು ಸವರಿದ್ದರಿಂದ ಆದ ವ್ಯತ್ಯಾಸವನ್ನೂ ಕಂಡು ಕೆಂಪು ಗುರುತು ಹಾಕಬಹುದು. ಹಾಗಾದಾಗ ತೋಟ ಹಳೆಯದು ಎಂದು ತೋರಿಸಲು ದಾಖಲೆ ಬೇಕು. ಹಳೆಯ ಪಹಣಿಯಲ್ಲಿ ಬೆಳೆ ಕಾಲಂನಲ್ಲಿ ಕಾಫಿ ಎಂದಿರುವುದು, ಕಾಫಿ ಮಂಡಳಿಯ ನೋಂದಣಿ, 2020ಕ್ಕೆ ಮುಂಚಿನ ಮಾರಾಟದ ಬಿಲ್ಲುಗಳು, ದಿನಾಂಕವಿರುವ ಫೋಟೋಗಳು ಇದಕ್ಕೆ ಉಪಯೋಗಕ್ಕೆ ಬರುತ್ತವೆ.

ಎರಡನೆಯದು ಅಳತೆಯ ತೊಂದರೆ. 4 ಹೆಕ್ಟೇರ್‌ವರೆಗಿನ, ಅಂದರೆ ಸುಮಾರು 9 ಎಕರೆ 35 ಗುಂಟೆವರೆಗಿನ ಜಮೀನಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಕ್ಕೆ ಇಡೀ ಗಡಿರೇಖೆ ಬೇಕು. ಅಕ್ಷಾಂಶ ಮತ್ತು ರೇಖಾಂಶವನ್ನು ದಶಮಾಂಶದ ನಂತರ ಕನಿಷ್ಠ 6 ಅಂಕಿ ಬರುವಂತೆ ಬರೆಯಬೇಕು. ದಟ್ಟ ನೆರಳಿನಡಿ ಮೊಬೈಲ್ ಜಿಪಿಎಸ್ ಹಲವು ಮೀಟರ್ ಜಿಗಿಯುತ್ತದೆ, ಆದ್ದರಿಂದ ಬಿಂದು ತೆಗೆಯುವಾಗ ಕಣದಲ್ಲಿ ಅಥವಾ ಬಯಲಾದ ಜಾಗದಲ್ಲಿ ನಿಂತು ಅಂಕಿ ಸ್ಥಿರವಾಗುವವರೆಗೆ ಕಾಯಿರಿ. ಗಡಿ ನಡೆಯುವಾಗ ಹೊರಟ ಜಾಗಕ್ಕೇ ಬಂದು ಮುಗಿಸಿ. ದಾರಿ ತಪ್ಪಿ ರೇಖೆ ತನ್ನನ್ನೇ ದಾಟಿದರೆ ಕಡತ ತಿರಸ್ಕಾರವಾಗುತ್ತದೆ. ಇನ್ನೊಂದು ತಪ್ಪು ಬಹಳ ಸಲ ಆಗುತ್ತದೆ. ನಾವು ಅಕ್ಷಾಂಶ ಮೊದಲು ಬರೆಯುತ್ತೇವೆ, ಆದರೆ ಅಪ್‌ಲೋಡ್ ಮಾಡುವ ಜಿಯೋಜೇಸನ್ ಎಂಬ ನಕ್ಷೆಯ ಕಡತದಲ್ಲಿ ರೇಖಾಂಶ ಮೊದಲು ಬರಬೇಕು. ಚಿಕ್ಕಮಗಳೂರು ಇರುವುದು ಉತ್ತರ 13.3, ಪೂರ್ವ 75.7ರ ಸುಮಾರಿಗೆ. ಇವೆರಡು ಅದಲು ಬದಲಾದರೆ ನಿಮ್ಮ ತೋಟ ನಾರ್ವೆಯ ಉತ್ತರದ ಹಿಮಸಮುದ್ರದಲ್ಲಿ ಹೋಗಿ ಕೂರುತ್ತದೆ.

ಮೂರನೆಯದು ಬೆರಕೆ. ಲೆಕ್ಕ ಗೊತ್ತಿರುವ ಕಾಫಿ ಮತ್ತು ಗೊತ್ತಿಲ್ಲದ ಕಾಫಿಯನ್ನು ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದೇ ರಾಶಿಗೆ ಸುರಿದರೆ ಇಡೀ ರಾಶಿಯೇ ಅನರ್ಹ. ಎರಡು ಮೂರು ಎಕರೆಯವರಿಂದ ಚೆರ್ರಿ ಕೊಳ್ಳುವ ಊರಿನ ವ್ಯಾಪಾರಿ ಚೀಲಕ್ಕೊಂದು ಗುರುತು ಇಡುವ ಪದ್ಧತಿ ಇಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಸಣ್ಣವೇ ಆದ್ದರಿಂದ ಇದು ಅಂಚಿನ ಸಮಸ್ಯೆಯಲ್ಲ.

ನಾಲ್ಕನೆಯದು ಕಾನೂನುಬದ್ಧತೆ. ಪೌತಿ ಖಾತೆ ಆಗದೆ ತಾತನ ಹೆಸರಲ್ಲೇ ಉಳಿದ ಪಹಣಿ, ಜಂಟಿ ಖಾತೆ, ಬಗರ್ ಹುಕುಂ ಅರ್ಜಿ ಇತ್ಯರ್ಥವಾಗದ ಒತ್ತುವರಿ ಇವೆಲ್ಲ ನಮ್ಮ ಕಂದಾಯ ಇಲಾಖೆಯ ಹಳೆಯ ಗಂಟುಗಳು. ಬ್ರಸೆಲ್ಸ್‌ನ ನಿಯಮಕ್ಕೂ ಚಿಕ್ಕಮಗಳೂರಿನ ತಾಲ್ಲೂಕು ಕಚೇರಿಗೂ ಹೀಗೆ ನೇರ ಸಂಬಂಧ ಬಂದುಬಿಟ್ಟಿದೆ.

ಹೊಂದಾಣಿಕೆಯ ಪ್ರಶ್ನೆ ಇಲ್ಲೇ ಬರುತ್ತದೆ. ನಿಯಮದ ಜೊತೆಗೆ ಉತ್ಪಾದಕ ದೇಶಗಳಿಗೆ ಸಹಾಯ ಮಾಡಲು ಐರೋಪ್ಯ ಒಕ್ಕೂಟ ಮತ್ತು ಕೆಲವು ಸದಸ್ಯ ದೇಶಗಳು 2023ರ ಕೊನೆಯಲ್ಲಿ 7 ಕೋಟಿ ಯೂರೋ ಘೋಷಿಸಿದವು. ಏಳು ಸರಕು ಬೆಳೆಯುವ ಜಗತ್ತಿನ ಲಕ್ಷಾಂತರ ಸಣ್ಣ ರೈತರ ನಡುವೆ ಇದನ್ನು ಹಂಚಿ ನೋಡಿ. ಮೊದಲು ನಿಯಮ ಬಂತು, ನಂತರ ಹಣ, ಅದಾದ ಮೇಲೆ ಅವಧಿ ವಿಸ್ತರಣೆ. ಈ ಕ್ರಮ ತಿರುಗಮುರುಗಾ ಆಗಿದ್ದರೆ ಎರಡು ಸಲ ಮುಂದೂಡುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೀಟನಾಶಕದ ವಿಷಯದಲ್ಲೂ ಇಂಥದ್ದೇ ಗೊಂದಲ ಇದೆಯೇ?

ಇದೆ. ಅರೇಬಿಕಾಕ್ಕೆ ಕಾಂಡಕೊರಕ ದೊಡ್ಡ ಶತ್ರು. ಅದರ ದುಂಬಿ ಹಾರುವ ಏಪ್ರಿಲ್‌–ಮೇ ಮತ್ತು ಅಕ್ಟೋಬರ್‌–ನವೆಂಬರ್ ಕಾಲದಲ್ಲಿ ಮುಖ್ಯಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಇರುವ ಔಷಧ ಹೊಡೆಯುವುದು ಇಲ್ಲಿ ಬಹುಕಾಲದ ರೂಢಿ. ಯುರೋಪ್ 2020ರಲ್ಲಿ ಆ ಔಷಧದ ಅನುಮತಿ ನಿಲ್ಲಿಸಿ, ಆಹಾರದಲ್ಲಿ ಉಳಿಯಬಹುದಾದ ಅಂಶವನ್ನು ಪತ್ತೆಹಚ್ಚಬಲ್ಲ ಕನಿಷ್ಠ ಮಟ್ಟಕ್ಕೆ ಇಳಿಸಿತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ಯುರೋಪಿನ ಕಾರ್ಖಾನೆಗಳು ಅಲ್ಲಿ ನಿಷೇಧವಾದ ಎಷ್ಟೋ ಕೀಟನಾಶಕಗಳನ್ನು ತಯಾರಿಸಿ ಬಡ ದೇಶಗಳಿಗೆ ಮಾರುವುದು ನಿಂತಿಲ್ಲ. ಒಂದು ಬಾಗಿಲಲ್ಲಿ ಔಷಧ ಹೊರಹೋಗುತ್ತದೆ, ಇನ್ನೊಂದು ಬಾಗಿಲಲ್ಲಿ ಅದೇ ಔಷಧದ ಅಂಶವಿರುವ ಬೆಳೆ ತಿರಸ್ಕಾರವಾಗುತ್ತದೆ. ತನ್ನ ನೆಲದಲ್ಲಿ ನಿಷೇಧಿಸಿದ್ದನ್ನು ರಫ್ತು ಮಾಡುವುದನ್ನು ಫ್ರಾನ್ಸ್ 2022ರಿಂದ ಕಾನೂನಿನ ಮೂಲಕ ತಡೆದಿದೆ. ನೀತಿ ಹೊಂದಾಣಿಕೆಗೆ ಇದಕ್ಕಿಂತ ಸ್ಪಷ್ಟ ಮಾದರಿ ಸಿಗುವುದು ಕಷ್ಟ.

ಶ್ರೀಲಂಕಾದ ಮೆಣಸಿಗೂ ನೆರವಿಗೂ ಏನು ಸಂಬಂಧ?

2000ದಿಂದ ಜಾರಿಯಲ್ಲಿರುವ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಕಾಳುಮೆಣಸು ಸುಂಕವಿಲ್ಲದೆ ಬರಬಹುದು. ಆ ದಾರಿಯಲ್ಲಿ ವಿಯೆಟ್ನಾಂ ಮೆಣಸೂ ನುಸುಳುತ್ತಿದೆ ಎಂದು ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಗಾರರು ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ ₹500 ಕನಿಷ್ಠ ಆಮದು ಬೆಲೆ ಹಾಕಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ಒಳಬರುವಂತಿಲ್ಲ. ಮೂಲದೇಶದ ಪ್ರಮಾಣಪತ್ರದ ವಂಚನೆ ತಡೆಯಬೇಕಾದ ಕಡೆ ಬೆಲೆಯ ಬೇಲಿ ಹಾಕಿದ್ದರಿಂದ ಮಾತಲೆ, ಕ್ಯಾಂಡಿಯ ಸಣ್ಣ ಬೆಳೆಗಾರನೂ ಅದೇ ಬೇಲಿಗೆ ಸಿಕ್ಕಿಕೊಂಡ. ಅದೇ ಶ್ರೀಲಂಕಾಕ್ಕೆ 2022ರ ಆರ್ಥಿಕ ಕುಸಿತದಲ್ಲಿ ಭಾರತ ಸುಮಾರು 400 ಕೋಟಿ ಡಾಲರ್ ಮೌಲ್ಯದ ಸಹಾಯ ಮಾಡಿತು. ಸಹಾಯ ವಿದೇಶಾಂಗ ಮತ್ತು ಹಣಕಾಸು ಇಲಾಖೆಯ ಕಡತದಲ್ಲಿ, ಮೆಣಸು ವಾಣಿಜ್ಯ ಇಲಾಖೆಯ ಕಡತದಲ್ಲಿ. ನಮ್ಮ ಬೆಳೆಗಾರರಿಗೂ ಅಲ್ಲಿನವರಿಗೂ ನ್ಯಾಯವಾಗುವ ದಾರಿ ಎಂದರೆ ಬಂದರಿನಲ್ಲಿ ಮೂಲದ ತಪಾಸಣೆಯನ್ನು ಬಿಗಿ ಮಾಡುವುದು. ಅದಕ್ಕೆ ಎರಡೂ ದೇಶಗಳ ಸುಂಕ ಅಧಿಕಾರಿಗಳು ಒಟ್ಟಿಗೆ ಕೂರಬೇಕು, ಆ ತರಬೇತಿಯನ್ನು ನೆರವಿನ ಹಣದಲ್ಲೇ ಮಾಡಬಹುದು.

ನಮ್ಮ ಜಿಲ್ಲೆಗಳಿಗೆ ಬಂದ ನೆರವಿನಲ್ಲೇ ಇಂಥ ಉದಾಹರಣೆ ಇದೆಯೇ?

ಅಟಲ್ ಭೂಜಲ ಯೋಜನೆಯನ್ನು ನೋಡಿ. 2019ರ ಡಿಸೆಂಬರ್‌ನಲ್ಲಿ ಶುರುವಾದ ಇದರ ಗಾತ್ರ ₹6,000 ಕೋಟಿ, ಅದರಲ್ಲಿ ಅರ್ಧ ವಿಶ್ವಬ್ಯಾಂಕ್ ಸಾಲ. ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅಂತರ್ಜಲ ಬತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಅರಸೀಕೆರೆ, ಕಡೂರುಗಳೂ ಇದ್ದವು. ಯೋಜನೆಯ ವಿನ್ಯಾಸ ಚೆನ್ನಾಗಿತ್ತು. ಕಾಮಗಾರಿಗೆ ಬದಲು ಫಲಿತಾಂಶ ನೋಡಿ ಹಣ ಬಿಡುಗಡೆ ಮಾಡುವ ಪದ್ಧತಿ ಅದರದ್ದು. ನೀರಿನ ಮಟ್ಟವನ್ನು ಊರಿಗೆ ತಿಳಿಸಬೇಕು, ಪಂಚಾಯಿತಿ ತನ್ನ ನೀರು ಭದ್ರತಾ ಯೋಜನೆ ಮಾಡಬೇಕು, ಬೇರೆ ಇಲಾಖೆಗಳ ಹಣ ಅದಕ್ಕೆ ಸೇರಬೇಕು, ಹನಿ ನೀರಾವರಿಯಂಥ ಉಳಿತಾಯ ಪದ್ಧತಿ ಹಬ್ಬಬೇಕು, ಕೊನೆಗೆ ಕುಸಿತ ನಿಧಾನವಾಗಬೇಕು.

ಈಗ ಅದೇ ಜಮೀನಿನ ಉಳಿದ ಕಡತಗಳನ್ನು ತೆಗೆಯಿರಿ. 2008ರಿಂದ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಕಡೂರಿಗೆ ಮೆಸ್ಕಾಂ, ಅರಸೀಕೆರೆಗೆ ಚೆಸ್ಕಾಂ ಕೊಡುವ ಕರೆಂಟಿನ ಬಿಲ್ಲನ್ನು ರಾಜ್ಯ ಸರ್ಕಾರ ತುಂಬುತ್ತದೆ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ರೈತ ಪಂಪನ್ನು ಆಟೋ ಸ್ಟಾರ್ಟರ್‌ಗೆ ಹಾಕಿ ಮಲಗುತ್ತಾನೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೂ ನೀರು ಹರಿಯುತ್ತದೆ, ತೊಟ್ಟಿ ತುಂಬಿ ಹೊರಗೆ ಹೋದರೂ ನಿಲ್ಲಿಸುವವರಿಲ್ಲ. ಹನಿ ನೀರಾವರಿಯಿಂದ ಉಳಿದ ನೀರು ಹಲವು ಕಡೆ ಕೊಳವೆಬಾವಿಯಲ್ಲಿ ಉಳಿಯುವುದಿಲ್ಲ, ಪಕ್ಕದ ಹೊಸ ಒಂದು ಎಕರೆಗೆ ಹೋಗುತ್ತದೆ. ಮೂರನೇ ಕಡತ ದೆಹಲಿಯದ್ದು. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕೆ.ಜಿ.ಗೆ ₹251ರಿಂದ ₹351ಕ್ಕೆ ಏರಿಸಿದರು. ಬೆಲೆಗೆ ಆಸರೆ ಸಿಕ್ಕಿತು, ಸಂತೋಷ. ಆದರೆ ರಾಗಿ, ಜೋಳ ಬೆಳೆಯುತ್ತಿದ್ದ ಬಯಲುಸೀಮೆಯ ಹೊಲ ಅಡಿಕೆ ತೋಟವಾಗಲು ಅದೇ ಆಸರೆ ಧೈರ್ಯ ಕೊಡುತ್ತದೆ.

ರೈತನನ್ನು ದೂರುವುದರಲ್ಲಿ ಅರ್ಥವಿಲ್ಲ, ಅವನು ಕೈಗೆ ಸಿಕ್ಕ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಿದ್ದಾನೆ. ಪರಿಹಾರ ಏನು? ಪಂಜಾಬಿನಲ್ಲಿ 2018ರಲ್ಲಿ ಪ್ರಯೋಗವಾದ "ನೀರು ಉಳಿಸಿ, ಹಣ ಗಳಿಸಿ" ಯೋಜನೆ ಒಂದು ದಾರಿ. ಪ್ರತಿ ಪಂಪಿಗೆ ಇಂತಿಷ್ಟು ಯೂನಿಟ್ ನಿಗದಿ ಮಾಡಿ, ಅದರಲ್ಲಿ ಬಳಸದೆ ಉಳಿಸಿದ ಪ್ರತಿ ಯೂನಿಟ್‌ಗೆ ₹4ನ್ನು ರೈತನ ಖಾತೆಗೆ ಹಾಕುವುದು. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳುವುದಿಲ್ಲ, ಉಳಿತಾಯಕ್ಕೆ ಬೆಲೆ ಕಟ್ಟುತ್ತದೆ. ಇದಕ್ಕೆ ಪಂಪಿಗೆ ಮೀಟರ್ ಬೇಕು, ಹಗಲಲ್ಲಿ ಖಚಿತ ವೇಳೆಗೆ ಕರೆಂಟ್ ಬೇಕು. ಮೀಟರ್ ಎಂದೊಡನೆ "ನಾಳೆ ಬಿಲ್ಲು ಬರುತ್ತದೆ" ಎಂಬ ಅನುಮಾನ ಹುಟ್ಟುವುದು ನಿಶ್ಚಯ, ಆದ್ದರಿಂದ ಮೊದಲ ಹಣ ಖಾತೆಗೆ ಬೀಳುವವರೆಗೆ ಯಾರೂ ನಂಬುವುದಿಲ್ಲ ಎಂದುಕೊಂಡೇ ಕೆಲಸ ಶುರುಮಾಡಬೇಕು.

ರಾಜ್ಯ ತರುವ ವಿದೇಶಿ ಸಾಲ ತೀರಿಸುವವರು ಯಾರು?

2005ರಿಂದ ಕರ್ನಾಟಕದಂಥ ರಾಜ್ಯಗಳು ತಮ್ಮ ಯೋಜನೆಗಳಿಗೆ ತರುವ ವಿದೇಶಿ ಸಾಲ, ಪಡೆದ ಷರತ್ತಿನಲ್ಲೇ ರಾಜ್ಯಕ್ಕೆ ವರ್ಗವಾಗುತ್ತದೆ. ಡಾಲರ್ ಅಥವಾ ಯೆನ್ ಏರಿದರೆ ಅದರ ಹೊರೆ ರಾಜ್ಯದ್ದು. ಹಾಗಾಗಿ ಒಂದು ಕಡತ ಇನ್ನೊಂದನ್ನು ಕೆಡಿಸಿದರೆ ನಷ್ಟ ವಾಷಿಂಗ್ಟನ್ನಿನ ವಿಶ್ವಬ್ಯಾಂಕಿಗಲ್ಲ, ನಮ್ಮ ಬೊಕ್ಕಸಕ್ಕೆ.

ಸರ್ಕಾರವೊಂದು ಇದನ್ನು ಹೇಗೆ ಮಾಡಬೇಕು?

ಒಇಸಿಡಿ ಹೇಳುವ ಚೌಕಟ್ಟಿನಲ್ಲಿ ಮೂರು ಭಾಗಗಳಿವೆ. ರಾಜಕೀಯ ಬದ್ಧತೆ, ಇಲಾಖೆಗಳ ನಡುವಿನ ಸಮನ್ವಯ, ಪರಿಣಾಮದ ಅಳತೆ ಮತ್ತು ವರದಿ. ಕೇಳಲು ಸರಳ. ಕೆಲಸ ನಡೆಯುವುದು ಮಾತ್ರ ಒಂದು ಹಾಳೆಯ ಮೇಲೆ. ಸುಂಕ, ಗುಣಮಟ್ಟ, ಸಬ್ಸಿಡಿ, ವೀಸಾ ಅಥವಾ ತೆರಿಗೆಯ ಪ್ರಸ್ತಾವ ಸಂಪುಟಕ್ಕೆ ಹೋಗುವ ಮುಂಚೆ ಆ ಇಲಾಖೆ ಒಂದು ಪುಟದ ಟಿಪ್ಪಣಿ ಲಗತ್ತಿಸಬೇಕು. ಯಾವ ಸರಕು, ಅದರ ಸುಂಕ ಸಂಕೇತ ಯಾವುದು ಎಂದು ಖಚಿತವಾಗಿ ಬರೆಯಬೇಕು. ಕಾಫಿಬೀಜ ಮತ್ತು ಹುರಿದ ಕಾಫಿಗೆ 0901, ಮೆಣಸಿಗೆ 0904, ಇನ್‌ಸ್ಟಂಟ್ ಕಾಫಿಗೆ 2101. ಆ ಸರಕನ್ನು ನಮಗೆ ಮಾರುವ ಬಡ ದೇಶಗಳು ಯಾವುವು, ಅದೇ ದೇಶದ ಅದೇ ಕ್ಷೇತ್ರದಲ್ಲಿ ನಮ್ಮ ನೆರವು ಎಷ್ಟಿದೆ, ನಷ್ಟ ಯಾರಿಗೆ, ಅದೇ ಗುರಿಗೆ ಕಡಿಮೆ ಹಾನಿಯ ಬೇರೆ ದಾರಿ ಇದೆಯೇ, ಯಾವ ದಿನಾಂಕದಂದು ಮರುಪರಿಶೀಲನೆ, ಇಷ್ಟೂ ಅದರಲ್ಲಿ ಇರಬೇಕು.

ಟಿಪ್ಪಣಿಗೆ ನೆರವಿನ ಇಲಾಖೆ 10 ದಿನದೊಳಗೆ ಉತ್ತರಿಸುವಂತಿರಬೇಕು. ಇಬ್ಬರೂ ಒಪ್ಪದಿದ್ದರೆ ವಿಷಯ ಪ್ರಧಾನಿ ಅಥವಾ ಮುಖ್ಯಮಂತ್ರಿ ಕಚೇರಿಗೆ ಹೋಗಬೇಕು. ತೀರ್ಮಾನಿಸುವ ಅಧಿಕಾರವಿಲ್ಲದ ಸಮನ್ವಯ ಸಮಿತಿ ಚಹಾ ಕುಡಿದು ಏಳುವ ಸಮಿತಿಯೇ. ವರ್ಷಕ್ಕೊಮ್ಮೆ ಶಾಸನಸಭೆಯ ಮುಂದೆ ವರದಿ ಬರಬೇಕು, ಅದರಲ್ಲಿ ಒಪ್ಪಂದವಾಗದ ವಿಷಯಗಳ ಪಟ್ಟಿಯೂ ಇರಬೇಕು. ಈ ಪಟ್ಟಿ ಇಲ್ಲದ ವರದಿಯನ್ನು ನಾವು ನಂಬುವುದಿಲ್ಲ.

ಎಲ್ಲಿ ಎಡವುತ್ತಾರೆ?

ಹೆಚ್ಚಾಗಿ ಸಮಯದಲ್ಲಿ. ಕರಡು ಮುಗಿದು, ಸಚಿವರು ಪತ್ರಿಕಾಗೋಷ್ಠಿ ಮಾಡಿದ ಮೇಲೆ ಅಭಿಪ್ರಾಯ ಕೇಳುತ್ತಾರೆ. ಆಗ ಬದಲಾವಣೆ ಎಂದರೆ ಹಿನ್ನಡೆ ಎಂದು ಕಾಣುತ್ತದೆ. ಇನ್ನೊಂದು, ನೆರವಿನ ಇಲಾಖೆಯ ಕಿರಿಯ ಅಧಿಕಾರಿ ವಾಣಿಜ್ಯ ಇಲಾಖೆಯ ಹಿರಿಯರ ಎದುರು ಕೂರಬೇಕಾಗುತ್ತದೆ. ಅವರ ಕೈಯಲ್ಲಿ ಅಂಕಿ ಅಂಶ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬ್ರಿಟನ್ 2020ರಲ್ಲಿ, ಆಸ್ಟ್ರೇಲಿಯಾ ಮತ್ತು ಕೆನಡಾ 2013ರಲ್ಲಿ ನೆರವಿನ ಇಲಾಖೆಯನ್ನು ವಿದೇಶಾಂಗ ಇಲಾಖೆಗೆ ಸೇರಿಸಿದವು. ಹೊಂದಾಣಿಕೆ ಹೆಚ್ಚುತ್ತದೆ ಎಂಬುದು ಆಗಿನ ಸಮರ್ಥನೆ. ಒಂದೇ ಸೂರಿನಡಿ ಬಂದಾಗ ನೆರವಿನ ಪರ ವಾದಿಸುವ ಸ್ವತಂತ್ರ ದನಿಯೇ ಅಡಗುವ ಅಪಾಯವೂ ಇದೆ.

ಮೂರನೆಯದು ಹಳೆಯ ಕಾನೂನುಗಳು. ಹೊಸದನ್ನು ಪರೀಕ್ಷಿಸುತ್ತಾರೆ, ಹಳೆಯದನ್ನು ಮುಟ್ಟುವುದಿಲ್ಲ. ವಿದೇಶಿ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚು ಎಂದು ತೋರಿಸಿ ತೆರಿಗೆ ಉಳಿಸಲು ಜರ್ಮನಿಯಲ್ಲಿ 1999ರವರೆಗೂ ಅವಕಾಶವಿತ್ತು. ಅದೇ ಸರ್ಕಾರ ಆ ದೇಶಗಳಲ್ಲಿ ಉತ್ತಮ ಆಡಳಿತಕ್ಕೆ ನೆರವು ಕೊಡುತ್ತಿತ್ತು.

ಇದನ್ನು ಅಳೆಯುವವರು ಯಾರಾದರೂ ಇದ್ದಾರೆಯೇ?

ವಾಷಿಂಗ್ಟನ್‌ನ ಸೆಂಟರ್ ಫಾರ್ ಗ್ಲೋಬಲ್ ಡೆವಲಪ್‌ಮೆಂಟ್ 2003ರಿಂದ ಒಂದು ಸೂಚ್ಯಂಕ ಪ್ರಕಟಿಸುತ್ತಿದೆ. ನೆರವಿನ ಜೊತೆ ವ್ಯಾಪಾರ, ವಲಸೆ, ಹೂಡಿಕೆ, ಪರಿಸರ, ಭದ್ರತೆ, ತಂತ್ರಜ್ಞಾನ ಎಲ್ಲಕ್ಕೂ ಅಂಕ ಕೊಡುತ್ತಾರೆ. ಸ್ವೀಡನ್ ಸಾಮಾನ್ಯವಾಗಿ ಮೇಲಿನ ಸಾಲಿನಲ್ಲಿರುತ್ತದೆ. ಸರ್ಕಾರದ ಎಲ್ಲ ಇಲಾಖೆಗಳಿಗೂ ಜಾಗತಿಕ ಅಭಿವೃದ್ಧಿಯ ಹೊಣೆ ಹೊರಿಸುವ ನೀತಿಯನ್ನು ಅದು 2003ರಲ್ಲೇ ಅಂಗೀಕರಿಸಿತು. ಶಸ್ತ್ರಾಸ್ತ್ರ ರಫ್ತಿನ ವಿಷಯದಲ್ಲಿ ಅದಕ್ಕೂ ಟೀಕೆ ತಪ್ಪಿಲ್ಲ.

ನಾವು ಇಲ್ಲಿ ಕೂತು ಏನು ಮಾಡಬಹುದು?

ತೀರ್ಮಾನ ಆಗುವ ಮುಂಚೆ ಮಾತಾಡಬಹುದು, ಅದಕ್ಕೆ ದಾರಿಗಳಿವೆ. ಆಹಾರ ಸುರಕ್ಷತೆ ಅಥವಾ ಕೀಟನಾಶಕ ಮಿತಿಯ ಹೊಸ ನಿಯಮ ತರುವ ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ಮೊದಲೇ ತಿಳಿಸಬೇಕು, ಸಾಮಾನ್ಯವಾಗಿ ಅಭಿಪ್ರಾಯಕ್ಕೆ 60 ದಿನ ಕೊಡಬೇಕು. ಈ ಸೂಚನೆಗಳು ಇಪಿಂಗ್ ಎಂಬ ಉಚಿತ ಜಾಲತಾಣದಲ್ಲಿ ಬರುತ್ತವೆ. ಸರಕು ಸಂಕೇತ 0901 ಮತ್ತು 0904 ಹಾಕಿ ನೋಂದಾಯಿಸಿಕೊಂಡರೆ ಮಿಂಚಂಚೆ ಬರುತ್ತದೆ. ಬೆಳೆಗಾರರ ಸಂಘದಲ್ಲಿ ಒಬ್ಬರು ವಾರಕ್ಕೊಮ್ಮೆ ನೋಡಿದರೆ ಸಾಕು. ಸಂಘ ನೇರವಾಗಿ ಜಿನೀವಾದಲ್ಲಿರುವ ಆ ಸಂಸ್ಥೆಗೆ ಬರೆಯುವಂತಿಲ್ಲ. ಕಾಫಿ ಮಂಡಳಿ ಅಥವಾ ಸಾಂಬಾರ ಮಂಡಳಿ ಮೂಲಕ ವಾಣಿಜ್ಯ ಸಚಿವಾಲಯಕ್ಕೆ ಕಳಿಸಬೇಕು, ಅದಕ್ಕೇ ಎರಡು ವಾರ ಹಿಡಿಯುವುದರಿಂದ ಮೊದಲ 30 ದಿನದೊಳಗೆ ಬರೆದು ಮುಗಿಸಿ. ಐರೋಪ್ಯ ಆಯೋಗದ ಅಭಿಪ್ರಾಯ ಸಂಗ್ರಹದ ಜಾಲತಾಣದಲ್ಲಿ ಮಾತ್ರ ಯಾವ ದೇಶದವರೂ ನೇರವಾಗಿ ಬರೆಯಬಹುದು. ಕರಡು ನಿಯಮಗಳಿಗೆ ಅಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಅವಕಾಶ.

ಬರೆಯುವಾಗ "ರೈತರಿಗೆ ಅನ್ಯಾಯ" ಎಂದಷ್ಟೇ ಬರೆದರೆ ಯಾರೂ ಓದುವುದಿಲ್ಲ. ನಿಯಮದ ಯಾವ ವಿಧಿ, ಅದರಿಂದ ಎಷ್ಟು ಹಿಡುವಳಿಗೆ ಯಾವ ಖರ್ಚು, ಬದಲಿಗೆ ಯಾವ ಪದ ಅಥವಾ ಅವಧಿ ಬೇಕು ಎಂದು ಬರೆಯಿರಿ. ನೆರಳಿನ ಕಾಫಿಯ ವಿಷಯವಾದರೆ ಎಕರೆಗೆ ಎಷ್ಟು ನೆರಳು ಮರ, ಯಾವ ಜಾತಿ, ಯಾವ ತಿಂಗಳು ಕೊಂಬೆ ಸವರುತ್ತೀರಿ ಎಂಬ ವಿವರ ಹಾಕಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಶಿಫಾರಸು ಪತ್ರಗಳನ್ನು ಜೊತೆಗಿಟ್ಟರೆ ಬಲ ಬರುತ್ತದೆ.

ಪಂಚಾಯಿತಿ ಸದಸ್ಯರಿಗೆ ಇನ್ನೂ ಹತ್ತಿರದ ಕೆಲಸವಿದೆ. ವಿದೇಶಿ ಸಾಲದ ಯಾವುದೇ ಯೋಜನೆ ಊರಿಗೆ ಬಂದಾಗ ಗ್ರಾಮಸಭೆಯಲ್ಲಿ ಮೂರು ಕಾಗದ ಕೇಳಿ: ಹಣ ಬಿಡುಗಡೆಗೆ ಇಟ್ಟಿರುವ ಫಲಿತಾಂಶಗಳ ಪಟ್ಟಿ, ಅದೇ ವಿಷಯದಲ್ಲಿ ನಡೆಯುತ್ತಿರುವ ಬೇರೆ ಇಲಾಖೆಗಳ ಯೋಜನೆಗಳು ಮತ್ತು ಸಬ್ಸಿಡಿಗಳು, ಇವೆರಡು ಎದುರಾಬದುರಾದಾಗ ತೀರ್ಮಾನಿಸುವ ಅಧಿಕಾರಿಯ ಹುದ್ದೆ. ಉತ್ತರ ಬಾಯಿಮಾತಲ್ಲಿ ಬಂದರೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರದಿದ್ದರೆ ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ಒಂದೇ ಇಲಾಖೆಗೆ ಹಾಕಬೇಡಿ. ಅಂತರ್ಜಲದ ವಿಷಯವಾದರೆ ಸಣ್ಣ ನೀರಾವರಿ, ಇಂಧನ, ತೋಟಗಾರಿಕೆ ಮೂರಕ್ಕೂ ಒಂದೇ ಪ್ರಶ್ನೆಯನ್ನು ಒಂದೇ ದಿನ ಕಳಿಸಿ. ಮೂರೂ ಉತ್ತರಗಳು ಬಂದಾಗ ಪಕ್ಕಪಕ್ಕ ಇಟ್ಟು ಮುಂದಿನ ಗ್ರಾಮಸಭೆಯಲ್ಲಿ ಓದಿ.